ಎಲೆ, ಆಲ್ಕೋಹಾಲು ಮತ್ತು ಇಪ್ಪತ್ತು ಅಂಕ

ಜಗತ್ತಿನ ಯಾವ ಮೂಲೆಯಲ್ಲಿ ವೈರಾಣು ವಿಜ್ಞಾನದ ದೊಡ್ಡ ಗ್ರಂಥವೊಂದನ್ನು ತೆರೆದರೂ ಅದರೊಳಗೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಕಾಣಿಸುತ್ತದೆ. ಅದು ಕ್ಯಾಸನೂರು. 1957ರ ಬೇಸಿಗೆಯಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿದಾಗ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು ಅವರಲ್ಲಿತ್ತು. ಆದರೆ ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ಕಂಡಿರದ ವೈರಸ್ಸು. ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಉಣುಗು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು, ವಿಜ್ಞಾನದಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆ.ಎಫ್.ಡಿ.

ಈ ಕಥೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಭಾಗವಿದೆ. ಕಾಯಿಲೆ ತಗುಲಿದ್ದು ಕಾಡಿಗೆ ಹೋದವರಿಗೆ ಮಾತ್ರವಲ್ಲ. ಪ್ರಯೋಗಾಲಯದಲ್ಲಿ ಈ ವೈರಸ್ಸಿನೊಂದಿಗೆ ಕೆಲಸ ಮಾಡಿದ ಹಲವರೂ ಜ್ವರ ಹಿಡಿದು ಮಲಗಿದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಅಮೆರಿಕದಲ್ಲಿ ಈ ವೈರಸ್ಸನ್ನು ನಾಲ್ಕನೆಯ, ಎಂದರೆ ಅತ್ಯುನ್ನತ ಜೈವಿಕ ಸುರಕ್ಷತಾ ಹಂತದ ಪ್ರಯೋಗಾಲಯದಲ್ಲಿ ಮಾತ್ರ ಮುಟ್ಟಬೇಕೆಂಬ ನಿಯಮವಿದೆ. ಪುಣೆಯ ಸಂಸ್ಥೆಯಲ್ಲಿ ಅಂಥ ಪ್ರಯೋಗಾಲಯ ಉದ್ಘಾಟನೆಯಾದದ್ದು 2012ರಲ್ಲಿ. ಕೈಕವಚ, ಮುಖಗವಸು, ಗಾಳಿಯೂ ಸೋಸಿಕೊಂಡೇ ಹೊರಹೋಗುವ ಕೋಣೆ, ಇವೆಲ್ಲ ಯಾರೋ ಕಾಯಿಲೆ ಬಿದ್ದ ಮೇಲೆ ಕಲಿತ ಪಾಠಗಳು.

ಜಡೆ, ಆನವಟ್ಟಿ, ಚಂದ್ರಗುತ್ತಿಯ ಕಡೆಯ ಹೈಸ್ಕೂಲುಗಳಲ್ಲಿ ಓದುವ ಮಕ್ಕಳು ಇಂಥ ವೈರಸ್ಸನ್ನು ಮುಟ್ಟಬೇಕಾಗಿಲ್ಲ, ನಿಜ. ಅವರ ಪ್ರಯೋಗಾಲಯವೆಂದರೆ ಒಂದು ಕೋಣೆ, ಎರಡು ಉದ್ದನೆಯ ಮೇಜು, ಬೀಗ ಹಾಕಿದ ಕಪಾಟು, ಅದರೊಳಗೆ ಒಂದೋ ಎರಡೋ ಸೂಕ್ಷ್ಮದರ್ಶಕ. ಕೆಲವೆಡೆ ಅದೇ ಕೋಣೆ ಗ್ರಂಥಾಲಯವೂ ಹೌದು, ಕ್ರೀಡಾ ಸಾಮಗ್ರಿಯ ಉಗ್ರಾಣವೂ ಹೌದು. ಆದರೆ ಅಪಾಯಕ್ಕೆ ಕೋಣೆಯ ಅಳತೆ ಬೇಕಿಲ್ಲ.

ಬೆಂಕಿಯ ಪಕ್ಕದ ಸ್ಪಿರಿಟ್ಟು

ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ನಿಜವಾಗಿ ಅಪಾಯವಿರುವ ಪ್ರಯೋಗ ಯಾವುದು ಎಂದು ಕೇಳಿದರೆ ಬಹಳ ಮಕ್ಕಳು ಬ್ಲೇಡಿನ ಹೆಸರು ಹೇಳುತ್ತಾರೆ. ಬ್ಲೇಡು ಬೆರಳು ಕುಯ್ಯಬಹುದು, ಅಷ್ಟೇ. ಹೆಚ್ಚು ಎಚ್ಚರ ಬೇಕಾದದ್ದು ಸಾಧುವಾಗಿ ಕಾಣುವ ಎಲೆಯ ಪ್ರಯೋಗಕ್ಕೆ. ಮನಿಪ್ಲಾಂಟ್ ಅಥವಾ ಕ್ರೋಟನ್ ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಆರು ಗಂಟೆ ಬಿಸಿಲಿಗಿಟ್ಟು, ಎಲೆ ಕಿತ್ತು ಕುದಿಸಿ, ಆಲ್ಕೋಹಾಲಿನಲ್ಲಿ ಅದ್ದಿ ಪತ್ರಹರಿತ್ತನ್ನು ತೆಗೆದು, ಅಯೋಡಿನ್ ಹಾಕಿ ಪಿಷ್ಟವಿದೆಯೇ ಎಂದು ನೋಡುವ ಪ್ರಯೋಗ.

ಇದರಲ್ಲಿ ಆಲ್ಕೋಹಾಲನ್ನು ಬಿಸಿ ಮಾಡಬೇಕು. ಪುಸ್ತಕದಲ್ಲಿ ಅದನ್ನು ನೇರವಾಗಿ ಉರಿಯ ಮೇಲಿಡದೆ ಬಿಸಿನೀರಿನ ಬೀಕರಿನೊಳಗೆ ಇಳಿಸಿಟ್ಟ ಚಿತ್ರವಿದೆ. ಯಾಕೆ ಹಾಗೆ ಎಂಬುದು ಮಾತ್ರ ಬಹುಪಾಲು ರೆಕಾರ್ಡ್ ಪುಸ್ತಕಗಳಲ್ಲಿ ಇರುವುದಿಲ್ಲ. ಶುದ್ಧ ಎಥನಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹಾಗಾಗಿ ಬಿಸಿನೀರಿನ ಶಾಖವೇ ಆಲ್ಕೋಹಾಲನ್ನು ಕುದಿಸಲು ಸಾಕು. ಉರಿ ಬೇಕಿಲ್ಲ. ಇನ್ನೂ ಮುಖ್ಯವಾದ ಸಂಗತಿ ಬೇರೆ. ಆಲ್ಕೋಹಾಲಿನ ಆವಿ ಬೆಂಕಿ ಹಿಡಿಯಲು ಅದು ಕುದಿಯಲೇಬೇಕೆಂದಿಲ್ಲ. 17 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಮೇಲೇಳುತ್ತದೆ. ಮಲೆನಾಡಿನ ಚಳಿಗಾಲದ ಮಧ್ಯಾಹ್ನವೂ ಅದಕ್ಕಿಂತ ಬೆಚ್ಚಗಿರುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೆ ಹಾರಿಹೋಗದೆ ಮೇಜಿನ ಮೇಲೆ ಹರಿದು ಪಕ್ಕದ ಗುಂಪಿನವರ ಸ್ಪಿರಿಟ್ ಲ್ಯಾಂಪಿನವರೆಗೂ ಹೋಗಬಲ್ಲದು.

ಆದ್ದರಿಂದ ಸರಿಯಾದ ಕ್ರಮ ಹೀಗೆ: ಮೊದಲು ನೀರನ್ನು ಕುದಿಸಬೇಕು. ಆಮೇಲೆ ಲ್ಯಾಂಪಿಗೆ ಮುಚ್ಚಳ ಹಾಕಿ ಉರಿ ಆರಿಸಬೇಕು. ಕೋಣೆಯಲ್ಲಿರುವ ಎಲ್ಲ ಲ್ಯಾಂಪುಗಳೂ ಆರಿದ ಮೇಲೆಯೇ ಆಲ್ಕೋಹಾಲಿನ ಬಾಟಲಿ ಕಪಾಟಿನಿಂದ ಹೊರಗೆ ಬರಬೇಕು. ಎಲೆ ಬಿಳಿಚಿಕೊಳ್ಳಲು ಸ್ವಲ್ಪ ಹೊತ್ತು ಹೆಚ್ಚು ಹಿಡಿದರೆ ಹಿಡಿಯಲಿ. ಉರಿಯುತ್ತಿರುವ ಲ್ಯಾಂಪಿಗೆ ಸ್ಪಿರಿಟ್ ಸುರಿಯುವುದಂತೂ ಕೂಡದೇ ಕೂಡದು. ಹಗಲು ಬೆಳಕಿನಲ್ಲಿ ಸ್ಪಿರಿಟ್ಟಿನ ನೀಲಿ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿದೆ ಎಂದುಕೊಂಡದ್ದು ಆರಿರುವುದಿಲ್ಲ.

ಇದು ಹಳ್ಳಿ ಶಾಲೆಯ ಬಡತನದ ಮಾತಲ್ಲ. 2014ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ಒಂದು ಹೈಸ್ಕೂಲಿನಲ್ಲಿ, ಲವಣಗಳು ಉರಿಗೆ ಕೊಡುವ ಬಣ್ಣಗಳನ್ನು ತೋರಿಸಲು ಮೆಥನಾಲ್ ಬಳಸುತ್ತಿದ್ದಾಗ ಬೆಂಕಿ ಚಿಮ್ಮಿ ಇಬ್ಬರು ವಿದ್ಯಾರ್ಥಿಗಳು ಸುಟ್ಟುಕೊಂಡರು. ಅದಕ್ಕೆ ಕೆಲವೇ ವಾರಗಳ ಹಿಂದೆ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಇದೇ ಪ್ರಯೋಗದ ಅಪಾಯದ ಬಗ್ಗೆ ಒಂದು ವಿಡಿಯೋ ಬಿಡುಗಡೆ ಮಾಡಿತ್ತು. ಹಣವಿದ್ದ ಶಾಲೆ, ಸಲಕರಣೆಯಿದ್ದ ಶಾಲೆ, ಎಚ್ಚರಿಕೆಯ ಮಾತೂ ಹೊರಬಿದ್ದಿತ್ತು.

ಕಣ್ಣಿನ ವಿಷಯಕ್ಕೂ ಇಷ್ಟೇ ಗಮನ ಬೇಕು. ದ್ಯುತಿಸಂಶ್ಲೇಷಣೆಗೆ ಇಂಗಾಲದ ಡೈ ಆಕ್ಸೈಡ್ ಬೇಕೆಂದು ತೋರಿಸಲು ಬಳಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುವ ಪ್ರಬಲ ಕ್ಷಾರ. ಕಣ್ಣಿಗೆ ಹಾರಿದರೆ ಆಸ್ಪತ್ರೆಗೆ ಓಡುವುದಕ್ಕಿಂತ ಮೊದಲು ಮಾಡಬೇಕಾದದ್ದು ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆಯುವುದು. ನಲ್ಲಿಯಿಲ್ಲದ ಪ್ರಯೋಗಾಲಯದಲ್ಲಿ ತುಂಬಿದ ಎರಡು ಕೊಡ, ಒಂದು ಚೊಂಬು, ಒಂದು ಬಕೆಟ್ ಮರಳು ಇಟ್ಟುಕೊಳ್ಳಲು ಯಾವ ಅನುದಾನವೂ ಬೇಕಾಗಿಲ್ಲ.

ಕೆನ್ನೆಯ ಒಳಗಿನ ಜೀವಕೋಶಗಳನ್ನು ನೋಡುವಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಹಲ್ಲುಕಡ್ಡಿ, ಕೆರೆಯುವುದು ಮೆಲ್ಲಗೆ, ಬಳಸಿದ್ದು ನೇರ ಕಸದ ಡಬ್ಬಿಗೆ. ಪಿಪೆಟ್ಟಿಗೆ ಬಾಯಿ ಹಚ್ಚಿ ಹೀರುವ ಹಳೆಯ ಅಭ್ಯಾಸ ಈಗಲೂ ಅಲ್ಲಲ್ಲಿ ಉಳಿದಿದೆ. ಅದು ಹೋಗಬೇಕು.

ಬಾಟಲಿಯೊಳಗಿನ ಹಾವು

ಹಳೆಯ ಹೈಸ್ಕೂಲುಗಳ ಕಪಾಟಿನ ಮೇಲಿನ ಸಾಲಿನಲ್ಲಿ ಹಾವು, ಚೇಳು, ಜಂತುಹುಳು ತುಂಬಿದ ಗಾಜಿನ ಜಾಡಿಗಳು ಇರುತ್ತವೆ. ಮಕ್ಕಳಿಗೆ ಅವು ದೊಡ್ಡ ಆಕರ್ಷಣೆ. ಒಳಗಿರುವ ದ್ರವ ಫಾರ್ಮಲಿನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮುಚ್ಚಿದ ಜಾಡಿಯನ್ನು ದೂರದಿಂದ ನೋಡುವುದರಲ್ಲಿ ಭಯವಿಲ್ಲ. ಬರಿಗೈಯಲ್ಲಿ ಜಾಡಿ ತೆರೆದು ದ್ರವ ತುಂಬುವ ಕೆಲಸವನ್ನು ಮಾತ್ರ ‘ಚುರುಕಾದ ಹುಡುಗ’ ಎಂದು ಯಾವ ವಿದ್ಯಾರ್ಥಿಗೂ ಒಪ್ಪಿಸಬಾರದು.

ಕಪ್ಪೆ ಕುಯ್ಯುವ ಕಾಲ ಮುಗಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2011ರಲ್ಲಿ ಪ್ರಾಣಿಗಳ ಅಂಗಚ್ಛೇದನವನ್ನು ಕಡಿಮೆ ಮಾಡಲು, 2014ರಲ್ಲಿ ಪೂರ್ತಿ ನಿಲ್ಲಿಸಲು ಸೂಚಿಸಿತು. ಅದಕ್ಕೂ ಮೊದಲೇ, 1987ರಲ್ಲಿ, ಕಪ್ಪೆ ಕಾಲಿನ ರಫ್ತು ನಿಂತಿತ್ತು. ಗದ್ದೆಯ ಕೀಟಗಳನ್ನು ಕಪ್ಪೆ ತಿನ್ನುವುದನ್ನು ಭತ್ತದ ಸೀಮೆಯ ಮಕ್ಕಳಿಗೆ ಜೀವಂತವಾಗಿಯೇ ತೋರಿಸಬಹುದು.

ಬಿಸಿಲಿಲ್ಲದ ಜುಲೈ

ಈಗ ಅಂಕಗಳ ಮಾತು. ಎಸ್ಸೆಸ್ಸೆಲ್ಸಿ ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಕಿರುಪರೀಕ್ಷೆ ಮತ್ತು ಚಟುವಟಿಕೆಗಳು ಸೇರಿ, ಇಳಿದು, ಆ 20 ಆಗುತ್ತವೆ. ಪಬ್ಲಿಕ್ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲ. ಆದ್ದರಿಂದ ಮಗು ಸೂಕ್ಷ್ಮದರ್ಶಕ ಮುಟ್ಟಿತೇ, ಗಾಜು ಒಡೆಯದೆ ತೊಳೆದಿಟ್ಟಿತೇ, ಕಂಡದ್ದನ್ನು ಬರೆಯಿತೇ ಎಂಬುದಕ್ಕೆಲ್ಲ ಜಾಗವಿರುವುದು ಈ ಇಪ್ಪತ್ತರ ಒಳಗೆ ಮಾತ್ರ.

ಎಲ್ಲರಿಗೂ ಹತ್ತೊಂಬತ್ತೋ ಇಪ್ಪತ್ತೋ ಕೊಟ್ಟುಬಿಡುವ ರೂಢಿ ಹೊಸದಲ್ಲ. ಫಲಿತಾಂಶದ ಒತ್ತಡ ಶಾಲೆಯ ಮೇಲಿದೆ, ಒಂದೊಂದು ಅಂಕವೂ ಮುಂದಿನ ಕಾಲೇಜಿನ ಬಾಗಿಲಿನಲ್ಲಿ ಲೆಕ್ಕಕ್ಕೆ ಬರುತ್ತದೆ. ‘ಮೇಷ್ಟ್ರೇ, ನಿಮ್ಮ ಕೈಯಲ್ಲಿರೋ ಅಂಕ, ನಮ್ಮ ಹುಡುಗಿಗೆ ಯಾಕೆ ಕಮ್ಮಿ?’ ಎಂದು ತಂದೆ ಕೇಳಿದರೆ ಅದರಲ್ಲಿ ತಪ್ಪೂ ಇಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಲು ಮೇಷ್ಟ್ರ ಬಳಿ ಮಾನದಂಡ ಇರಬೇಕು, ಅದು ಮೊದಲ ದಿನವೇ ಮಕ್ಕಳಿಗೆ ಗೊತ್ತಿರಬೇಕು. ಸಿದ್ಧತೆಗೆ ಇಷ್ಟು, ಸುರಕ್ಷಿತವಾಗಿ ಮಾಡಿದ್ದಕ್ಕೆ ಇಷ್ಟು, ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ ಇಷ್ಟು, ಚಿತ್ರಕ್ಕೆ ಇಷ್ಟು ಎಂದು ಗೋಡೆಗೆ ಅಂಟಿಸಿದ ಒಂದು ಹಾಳೆ ಸಾಕು. ಮೌಲ್ಯಮಾಪನ ಮುಗಿದ ಮೇಲೆ ಮಾನದಂಡ ಹುಟ್ಟಿದರೆ ಅದು ನ್ಯಾಯವಲ್ಲ.

ಇಲ್ಲಿ ಮತ್ತೆ ಆ ಎಲೆಯ ಪ್ರಯೋಗವನ್ನೇ ನೋಡಬೇಕು. ಮೊದಲ ಮೌಲ್ಯಮಾಪನ ಬರುವುದು ಮಳೆಗಾಲದಲ್ಲಿ. ಪುಸ್ತಕ ಆರು ಗಂಟೆ ಬಿಸಿಲು ಕೇಳುತ್ತದೆ. ಜುಲೈ ತಿಂಗಳಲ್ಲಿ ಜಡೆಯ ಸುತ್ತಮುತ್ತ ಮೋಡ ಕವಿದು ಜಿಟಿಜಿಟಿ ಹಿಡಿದಿರುವಾಗ ಆರು ಗಂಟೆಯ ಬಿಸಿಲು ಎಲ್ಲಿಂದ ತರುವುದು? ಬೆಳಕು ಕಡಿಮೆಯಾದರೆ ಪಿಷ್ಟ ತಯಾರಾಗುವುದೂ ಕಡಿಮೆ. ಅಯೋಡಿನ್ ಹಾಕಿದ ಎಲೆ ಕಡುನೀಲಿಗೆ ತಿರುಗದೆ ಕಂದಾಗಿಯೇ ಉಳಿಯಬಹುದು. ಇನ್ನೊಂದು ಕಡೆ ಗಿಡವನ್ನು ಮೂರು ದಿನ ಸರಿಯಾಗಿ ಕತ್ತಲಲ್ಲಿಡದಿದ್ದರೆ, ಬೆಳಕು ಕಾಣದ ಭಾಗವೂ ಹಳೆಯ ಪಿಷ್ಟದಿಂದಾಗಿ ನೀಲಿಯಾಗಬಹುದು.

ಹೀಗಾದಾಗ ತರಗತಿಯಲ್ಲಿ ಎರಡು ಬಗೆಯ ರೆಕಾರ್ಡುಗಳು ಬರುತ್ತವೆ. ಬಹುಪಾಲಿನಲ್ಲಿ ‘ಎಲೆಯು ನೀಲಿಗಪ್ಪು ಬಣ್ಣಕ್ಕೆ ತಿರುಗಿತು’ ಎಂದು ಪುಸ್ತಕದ ವಾಕ್ಯ, ಅಂದವಾದ ಅಕ್ಷರ, ಬಣ್ಣದ ಪೆನ್ಸಿಲು. ಎಲ್ಲೋ ಒಂದರಲ್ಲಿ ‘ನಮ್ಮ ಗುಂಪಿನ ಎಲೆ ನೀಲಿಯಾಗಲಿಲ್ಲ, ಎರಡು ದಿನದಿಂದ ಬಿಸಿಲಿರಲಿಲ್ಲ’ ಎಂದು ಓರೆಕೋರೆ ಅಕ್ಷರ. ಮೊದಲನೆಯದಕ್ಕೆ ಪೂರ್ಣ ಅಂಕ, ಎರಡನೆಯದಕ್ಕೆ ಕೆಂಪು ಗೆರೆ ಬಿದ್ದರೆ ಆ ಮಗು ಮುಂದಿನ ಸಲ ತಾನೂ ಪುಸ್ತಕದ ವಾಕ್ಯವನ್ನೇ ಬರೆಯುತ್ತದೆ. ಆಮೇಲೆ ಅದಕ್ಕೆ ಎಲೆಯನ್ನು ನೋಡುವ ಅಗತ್ಯವೇ ಇರುವುದಿಲ್ಲ. ಹೆಚ್ಚು ಅಂಕ ಹೋಗಬೇಕಾದದ್ದು ಓರೆಕೋರೆ ಅಕ್ಷರದ ರೆಕಾರ್ಡಿಗೆ. ಪಬ್ಲಿಕ್ ಪರೀಕ್ಷೆಗೆ ಸರಿ ಉತ್ತರ ಯಾವುದೆಂದು ಅದೇ ಪುಟದ ಕೆಳಗೆ ಬರೆಸಿದರೆ ಎರಡೂ ಕೆಲಸ ಆಯಿತು. 1957ರಲ್ಲಿ ಹಳದಿ ಜ್ವರವನ್ನು ಹುಡುಕಿ ಬಂದವರು ತಮಗೆ ಬೇಕಾದದ್ದನ್ನೇ ಬರೆದುಕೊಂಡು ಹೋಗಿದ್ದರೆ ಕೆ.ಎಫ್.ಡಿ. ಪತ್ತೆಯಾಗುವುದು ಇನ್ನೂ ತಡವಾಗುತ್ತಿತ್ತು.

ಇದನ್ನು ನಿರ್ಲಕ್ಷಿಸಿದರೆ ಬಿಸಿ ತಟ್ಟುವುದು ಪಿಯುಸಿಯಲ್ಲಿ. ಅಲ್ಲಿ ಜೀವಶಾಸ್ತ್ರಕ್ಕೆ 30 ಅಂಕಗಳ ಪ್ರಾಯೋಗಿಕ ಪರೀಕ್ಷೆಯೇ ಇದೆ. ಹತ್ತನೆಯ ತರಗತಿಯವರೆಗೆ ಸ್ಲೈಡ್ ಮೇಲೆ ಗುಳ್ಳೆ ಏಳದಂತೆ ಕವರ್ ಸ್ಲಿಪ್ ಇಡಲು ಕಲಿಯದವರು ಆ ಮೇಜಿನ ಮುಂದೆ ಬೆವರುತ್ತಾರೆ.

ತರಗೆಲೆಯ ಕಾಲ

ಕೊನೆಯ ಸಂಗತಿ ಈ ಸೀಮೆಗೇ ವಿಶೇಷವಾದದ್ದು. ಮೂರನೆಯ ಮತ್ತು ನಾಲ್ಕನೆಯ ಮೌಲ್ಯಮಾಪನಗಳ ಹೊತ್ತಿಗೆ ‘ಸಸ್ಯ ಸಂಗ್ರಹ ಮಾಡಿ ತನ್ನಿ’, ‘ಕಾಡಿನ ಪರಿಸರ ವ್ಯವಸ್ಥೆ ಅಧ್ಯಯನ ಮಾಡಿ’ ಎಂಬ ಪ್ರಾಜೆಕ್ಟುಗಳು ಶುರುವಾಗುತ್ತವೆ. ಅದು ಡಿಸೆಂಬರಿನಿಂದ ಫೆಬ್ರವರಿಯ ಕಾಲ. ಉಣುಗಿನ ಮರಿಗಳು ತರಗೆಲೆಗಳ ಮೇಲೆ ಹೆಚ್ಚಾಗಿ, ಮಂಗನ ಕಾಯಿಲೆ ತಲೆಯೆತ್ತುವುದೂ ಅದೇ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣ ಋತುವಿನಲ್ಲಿ. ಆ ಮರಿಗಳು ಕಣ್ಣಿಗೆ ಬೀಳದಷ್ಟು ಸಣ್ಣವು. ಕಾಯಿಲೆ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೇ ಎಂಬ ಔಷಧಿ ಇಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಆದ ಸಾವುಗಳನ್ನು ಇಲ್ಲಿಯ ಜನ ಮರೆತಿಲ್ಲ. 2024ರಲ್ಲೂ ಮಲೆನಾಡಿನಲ್ಲಿ ಸಾವುಗಳಾದವು.

ಕೆಲವು ಅಂಕದ ಪ್ರಾಜೆಕ್ಟಿಗಾಗಿ ಮಗುವನ್ನು ಜನವರಿಯಲ್ಲಿ ಬೆಟ್ಟ ಹತ್ತಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹೊರಸಂಚಾರ ಮಾಡಿಸುವುದಿದ್ದರೆ ಮಳೆ ಬಿಟ್ಟ ಕೂಡಲೆ, ಅಕ್ಟೋಬರಿನ ಸುಮಾರಿಗೆ ಮುಗಿಸಬೇಕು. ಒಣ ಋತುವಿನಲ್ಲಿ ಸೊಪ್ಪಿಗೋ ಸೌದೆಗೋ ಹೇಗೂ ಕಾಡಿಗೆ ಹೋಗುವ ಮನೆಗಳ ಮಕ್ಕಳು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಕಿವಿಯ ಹಿಂದೆ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ನಿಲ್ಲದೆ ಆರೋಗ್ಯ ಕಾರ್ಯಕರ್ತರಿಗೆ ಹೇಳಬೇಕು. ಕಾಡಿಗೆ ಹೋಗಿಬಂದ ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಪರೀಕ್ಷೆ ಹತ್ತಿರವಿದೆಯೆಂದು ಮಾತ್ರೆ ನುಂಗಿಸಿ ಕೂರಿಸಬಾರದು, ರಕ್ತಪರೀಕ್ಷೆಗೆ ಕರೆದೊಯ್ಯಬೇಕು.

ಸಸ್ಯ ಸಂಗ್ರಹಕ್ಕೆ ಕಾಡೇ ಆಗಬೇಕೆಂದು ಯಾವ ಪಠ್ಯಕ್ರಮವೂ ಹೇಳಿಲ್ಲ. ಹಿತ್ತಲಿನ ದಾಸವಾಳದಲ್ಲಿ ಹೂವಿನ ಭಾಗಗಳೆಲ್ಲ ಸಿಗುತ್ತವೆ, ಒಂದೆಲಗ ಬಚ್ಚಲ ನೀರು ಹರಿಯುವ ಕಡೆಯೇ ಇದೆ, ಬೇಲಿಯ ಬಳ್ಳಿ, ತೋಟದ ಕೆಸು, ಗೋಡೆಯ ಮೇಲಿನ ಜರಿಗಿಡ, ಎಲ್ಲ ಸೇರಿದರೆ ಇಪ್ಪತ್ತು ಹಾಳೆ ತುಂಬುತ್ತದೆ. ಹಳೆಯ ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ, ದಿನಕ್ಕೊಮ್ಮೆ ಕಾಗದ ಬದಲಿಸಿದರೆ ವಾರದಲ್ಲಿ ಒಣಗುತ್ತವೆ. ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ಕಿತ್ತವರ ಹೆಸರು ಇರಬೇಕು. ಊರಿನವರು ಆ ಗಿಡಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಅಜ್ಜಿಯನ್ನು ಕೇಳಿ ಬರೆದರೆ ಅದಕ್ಕೆ ಒಂದು ಅಂಕ ಹೆಚ್ಚಿಗೆ ಕೊಡಬಹುದು.