ಮೌಂಟ್ ಲಾರೆಲ್: ಸೂರಿನ ಹಕ್ಕಿಗೆ ಸಿಕ್ಕ ತೀರ್ಪು

ದುಬಾರಿ ಊರುಗಳಲ್ಲಿ ಬಡವರಿಗೆ ಮನೆ ಎಟುಕದಂತೆ ಮಾಡುವುದರಲ್ಲಿ ಭೂಮಿಯ ಬೆಲೆಯ ಜೊತೆಗೆ, ಎಲ್ಲಿ ಎಂತಹ ಕಟ್ಟಡ ಏಳಬೇಕೆಂದು ನಿರ್ಧರಿಸುವ ವಲಯ ನಿಯಮಗಳ ಪಾತ್ರವೂ ಇರುವುದನ್ನು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೌಂಟ್ ಲಾರೆಲ್ ಪ್ರಕರಣ ತೋರಿಸಿಕೊಟ್ಟಿತು. ಫಿಲಡೆಲ್ಫಿಯಾ ನಗರಕ್ಕೆ ಸಮೀಪದ ಈ ಊರಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಆಫ್ರಿಕನ್-ಅಮೆರಿಕನ್ ಕುಟುಂಬಗಳಲ್ಲಿ ಕೆಲವು, ಕೋಳಿಗೂಡುಗಳನ್ನೇ ಮನೆಯಾಗಿ ಮಾರ್ಪಡಿಸಿಕೊಂಡು ಬಾಳುತ್ತಿದ್ದವು. ಇಂತಹವರಿಗಾಗಿ 36 ಅಪಾರ್ಟ್‌ಮೆಂಟ್‌ಗಳನ್ನು ಕಟ್ಟುವ ಯೋಜನೆಯನ್ನು ಸ್ಥಳೀಯ ಆಡಳಿತ ತಳ್ಳಿಹಾಕಿದಾಗ, ಒಂಟಿ ಮನೆಗಳಿಗಷ್ಟೇ ಅವಕಾಶ ನೀಡುತ್ತಿದ್ದ ನಿಯಮವನ್ನು ಪ್ರಶ್ನಿಸಿ ಎಥೆಲ್ ಲಾರೆನ್ಸ್ ಮತ್ತಿತರರು ನ್ಯಾಯಾಲಯದ ಮೆಟ್ಟಿಲೇರಿದರು.

ಬೆಳೆಯುತ್ತಿರುವ ಪುರಸಭೆಗಳು ತಮ್ಮ ಪ್ರದೇಶದ ಅಲ್ಪ ಮತ್ತು ಮಧ್ಯಮ ಆದಾಯದವರ ವಸತಿ ಅಗತ್ಯದಲ್ಲಿ ನ್ಯಾಯಯುತ ಪಾಲನ್ನು ಹೊರಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ತೀರ್ಪಿತ್ತಿತು. ಪುರಸಭೆಗಳು ನುಣುಚಿಕೊಂಡದ್ದರಿಂದ 1983ರಲ್ಲಿ ಅದೇ ನ್ಯಾಯಾಲಯ, ತನ್ನ ಯೋಜನೆಯಲ್ಲಿ ಗಣನೀಯ ಸಂಖ್ಯೆಯ ಮನೆಗಳನ್ನು ಕಡಿಮೆ ದರಕ್ಕೆ ಮೀಸಲಿಡುವ ಬಿಲ್ಡರ್ ಮೊಕದ್ದಮೆ ಗೆದ್ದರೆ ಹೆಚ್ಚು ಸಾಂದ್ರತೆಗೆ, ಅಂದರೆ ಅಷ್ಟೇ ಜಾಗದಲ್ಲಿ ಹೆಚ್ಚು ಮನೆ ಕಟ್ಟುವುದಕ್ಕೆ, ಅನುಮತಿ ಪಡೆಯಬಹುದೆಂಬ ಪರಿಹಾರಕ್ಕೆ ಬಲ ತುಂಬಿತು. 1985ರಲ್ಲಿ ಈ ಹೊಣೆಯ ಕುರಿತು ರಾಜ್ಯದ ಶಾಸನವೂ ಬಂದಿತು.

ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಮೌಂಟ್ ಲಾರೆಲ್‌ನಲ್ಲಿ ಅವರ ಹೆಸರಿನಲ್ಲಿ ಎದ್ದ ಕೈಗೆಟುಕುವ ದರದ ವಸತಿ ಸಮುಚ್ಚಯಕ್ಕೆ ಮೊದಲ ನಿವಾಸಿಗಳು ಬಂದದ್ದು 2000ದಲ್ಲಿ. ಅಪರಾಧ ಹೆಚ್ಚುತ್ತದೆ, ಆಸ್ತಿಯ ಬೆಲೆ ಕುಸಿಯುತ್ತದೆ, ತೆರಿಗೆ ಏರುತ್ತದೆ ಎಂಬ ನೆರೆಹೊರೆಯವರ ಭಯ ನಿಜವಾಗಲಿಲ್ಲವೆಂದು ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡಿತು. ಕೈಗೆಟುಕುವ ಮನೆಗಳನ್ನು ವಿರೋಧಿಸುವ ಯಾವ ಊರೇ ಆಗಲಿ, ಮೊದಲು ಈ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.