ಓಡದ ಕುದುರೆ, ಹಾಡುವ ವೀಣೆ

ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ‘ಕುದುರೆ ಸವೆದಿದೆ, ಬದಲಾಯಿಸಬೇಕು’ ಎಂಬ ಮಾತು ಕಿವಿಗೆ ಬಿದ್ದರೆ ಜಟಕಾ ಬಂಡಿಯ ಕಾಲ ಮರಳಿತೇ ಎಂದು ಗಾಬರಿಯಾಗಬೇಕಿಲ್ಲ. ಅದು ವೀಣೆಯ ಮಾತು. ಅಜ್ಜಿ ನುಡಿಸುತ್ತಿದ್ದ ವೀಣೆ ಬಟ್ಟೆ ಹೊದ್ದು ವರ್ಷಗಟ್ಟಲೆ ಮೂಲೆಯಲ್ಲಿದ್ದು, ಮೊಮ್ಮಗಳು ಪಾಠಕ್ಕೆ ಸೇರಿದ ದಿನ ಈಚೆಗೆ ಬರುತ್ತದೆ. ಮೀಟಿದರೆ ನಾದದ ಬದಲು ಝರ್ರೆನ್ನುವ ಸದ್ದು. ಹೊಸ ತಂತಿ ಹಾಕಿದರೂ ಅದೇ ಗೋಳು.

ವೀಣೆಯ ಕೊಡದ ಮೇಲೆ ನಾಲ್ಕು ತಂತಿಗಳನ್ನು ಹೊತ್ತು ನಿಂತ ಪುಟ್ಟ ಮರದ ಪೀಠವೇ ಕುದುರೆ. ಅದರ ನೆತ್ತಿಯ ಮೇಲೊಂದು ಲೋಹದ ರೇಕು. ತಾಳದ ಮೂರು ತಂತಿಗಳಿಗೆ ಪಕ್ಕದಲ್ಲೇ ಕಮಾನಿನಂಥ ಇನ್ನೊಂದು ಪಟ್ಟಿ. ರೇಕು ನೋಡುವುದಕ್ಕೆ ಚಪ್ಪಟೆ. ಬೆರಳಾಡಿಸಿದರೆ ಮಾತ್ರ ಅದರ ಸಣ್ಣ ಉಬ್ಬು ತಿಳಿಯುತ್ತದೆ. ವರ್ಷಗಳ ಸಾಧನೆಯಲ್ಲಿ ತಂತಿ ಉಜ್ಜಿ ಉಜ್ಜಿ ಅಲ್ಲಿ ಗೆರೆ ಕೊರೆಯುತ್ತದೆ. ತಂತಿ ಆ ಗೆರೆಯೊಳಗೆ ಕೂತಿತೋ, ನಾದ ಕೆಟ್ಟಿತು. ಮೈಕಿನ ಮುಂದಂತೂ ಕೇಳುವುದೇ ಬೇಡ. ರೇಕಿನ ಆ ಗೆರೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲಿನ ಕೊನೆಯ ಕುರ್ಚಿಗೂ ತಲುಪೀತು.

ಈ ಉಬ್ಬಿನ ಮರ್ಮವನ್ನು ವಿಜ್ಞಾನದ ಭಾಷೆಯಲ್ಲಿ ಹೇಳಿದವರು ಸರ್ ಸಿ.ವಿ. ರಾಮನ್. 1933ರಲ್ಲಿ ಬೆಂಗಳೂರಿಗೆ ಬಂದು, ಮುಂದೆ ಮಲ್ಲೇಶ್ವರದ ‘ಪಂಚವಟಿ’ಯನ್ನು ಮನೆ ಮಾಡಿಕೊಂಡವರು ಅವರು. ಅವರ ಪತ್ನಿ ಲೋಕಸುಂದರಿ ವೀಣೆ ಬಲ್ಲವರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ, ಅಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಕೇಳಿಸಬಾರದೆಂಬುದು ಯಂಗ್ ಎಂಬ ಆಂಗ್ಲ ವಿಜ್ಞಾನಿಯ ನಿಯಮ. ವೀಣೆ, ತಂಬೂರಿಗಳಲ್ಲಿ ಅವೂ ಕೇಳಿಸುತ್ತವೆ! ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ರಾಮನ್ ಇದನ್ನು ತೋರಿಸಿ ಕಾರಣವನ್ನು ಕುದುರೆಯಲ್ಲಿ ಕಂಡರು. ಕಂಪಿಸುವ ತಂತಿ ರೇಕನ್ನು ಮತ್ತೆ ಮತ್ತೆ ಸವರಿಕೊಂಡು ಹೋಗುವುದರಿಂದ ಉಪಸ್ವರಗಳು ಹುಟ್ಟುತ್ತಲೇ ಇರುತ್ತವೆ. ತಂಬೂರಿಯಲ್ಲಿ ತಂತಿಯಡಿ ಸಿಕ್ಕಿಸುವ ಜೀವಾಳದ ನೂಲಿನ ಕೆಲಸವನ್ನು ವೀಣೆಯಲ್ಲಿ ಉಬ್ಬೊಂದೇ ಮಾಡಬೇಕು.

ಅದೇ ಮನೆಯ ಮೊಮ್ಮಗನ ಬೇಸ್ ಗಿಟಾರಿಗೂ ಕುದುರೆಯುಂಟು, ತಂತಿಯೂ ನಾಲ್ಕೇ. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯ ವಾದ್ಯದಲ್ಲಿ ಕುದುರೆಯನ್ನು ತಿರುಪುಗಳಿಂದ ಬಿಗಿದಿರುತ್ತದೆ. ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಒಂದೊಂದು ತಂತಿಯ ಎತ್ತರ ಮತ್ತು ಉದ್ದವನ್ನು ಬೇರೆ ಬೇರೆಯಾಗಿ ಸರಿಮಾಡಬಹುದು. ಕೈಯಲ್ಲಿ ಸ್ಕ್ರೂ ಡ್ರೈವರ್, ಮನಸ್ಸಿನಲ್ಲಿ ತಾಳ್ಮೆ ಇದ್ದರಾಯಿತು.

ವೀಣೆಯಲ್ಲಿ ಈ ಸೌಲಭ್ಯವಿಲ್ಲ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಲ್ಲಿ ಹನ್ನೆರಡನೆಯದು ತಂತಿಯ ಸರಿಸುಮಾರು ನಡುಮಧ್ಯ. ಅಲ್ಲಿ ತಾರಷಡ್ಜ ನುಡಿಯಬೇಕು. ಹೊಸ ಕುದುರೆ ಎರಡು ಮಿಲಿಮೀಟರ್ ಸರಿದು ಕೂತರೆ ತಂತಿಯ ನಡುವು ಒಂದು ಮಿಲಿಮೀಟರ್ ಸರಿಯಿತು, ಉಳಿದ ಸ್ವರಸ್ಥಾನಗಳೂ ಜಾರಿದವು. ಆಗ ಮೇಣ ಕರಗಿಸಿ ಮೇಳ ಕಟ್ಟಿಸದೆ ಗತಿಯಿಲ್ಲ. ಎತ್ತರ ಹೆಚ್ಚಾದರೆ ಗಮಕ ಎಳೆಯುವ ಹುಡುಗಿಯ ಬೆರಳು ಬೊಬ್ಬೆ ಬರುತ್ತದೆ, ಕಡಿಮೆಯಾದರೆ ತಂತಿ ಮೆಟ್ಟಿಲಿಗೆ ತಗಲಿ ಕರಕರ ಎನ್ನುತ್ತದೆ.

ಆದ್ದರಿಂದ ಬದಲಾಯಿಸುವ ಆತುರ ಬೇಡ. ಗೆರೆ ತೆಳುವಾಗಿದ್ದರೆ ಅನುಭವಸ್ಥರು ರೇಕಿಗೆ ನಯವಾದ ಅರ ಹಾಕಿ ಉಬ್ಬನ್ನು ಮತ್ತೆ ತರುತ್ತಾರೆ. ಎರಡು ಸಲ ಉಜ್ಜುವುದು, ತಂತಿ ಇಟ್ಟು ಮೀಟುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಉಜ್ಜುವುದು. ಇದಕ್ಕೆ ಅಳತೆಗೋಲಿಲ್ಲ. ಒಂದು ಎಳೆ ಹೆಚ್ಚು ಉಜ್ಜಿದರೆ ಹಿಂದಕ್ಕೆ ತರುವಂತಿಲ್ಲ. ರೇಕು ತೀರ ಸವೆದಿದ್ದರೆ ಅದನ್ನಷ್ಟೇ ಹೊಸದಾಗಿ ಹಾಕಿಸಬಹುದು. ಮರವೇ ಸೀಳಿದ್ದರೆ ಮಾತ್ರ ಪೂರಾ ಕುದುರೆ. ಹಾಗೆ ಹಾಕಿಸುವಾಗಲೂ ಹಳೆಯದನ್ನು ಮಾದರಿಗೆಂದು ಮುಂದಿಡಬೇಕು. ಅಂಗಡಿಯ ಸಿದ್ಧ ಕುದುರೆ ಎಲ್ಲ ವೀಣೆಗೂ ಒಗ್ಗುವುದಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಹಲಸಿನ ವೀಣೆಗೆ ಹೆಸರಾದರೆ, ಮೈಸೂರಿನದು ಬೀಟೆಯ ವೀಣೆ. ಮರ ಬೇರೆಯಾದರೆ ದನಿಯೂ ಬೇರೆ.

ರಿಪೇರಿಯಾಗಿ ಮನೆಗೆ ಬಂದ ವೀಣೆ ಮೊದಲ ಕೆಲವು ದಿನ ಶ್ರುತಿ ಇಳಿಸಿಕೊಳ್ಳುತ್ತಲೇ ಇರುತ್ತದೆ. ಮೊಮ್ಮಗಳು ಬಿರಡೆ ತಿರುವಿ ತಿರುವಿ ಬೇಸರಪಟ್ಟರೆ, ‘ಇನ್ನೂ ಹೊಸ ಕುದುರೆ, ಪಳಗಲಿ ತಾಳಮ್ಮ’ ಎಂದು ಅಡುಗೆಮನೆಯಿಂದಲೇ ಅಜ್ಜಿಯ ಉತ್ತರ.