ಊನೋದರವೂ ತಕ್ಕಡಿಯೂ

ಹೆಗಡೆಕಟ್ಟಾ ಭಾಗದ ಅಡಿಕೆ ತೋಟದ ಮನೆಯೊಂದರಲ್ಲಿ, ದೇವರ ಕೋಣೆಯ ಬಾಗಿಲ ಹಿಂದೆ, ಹಳೆಯ ಕ್ಯಾಲೆಂಡರುಗಳ ಕಟ್ಟೊಂದು ಮೊಳೆಗೆ ತೂಗುತ್ತಿದೆ. ಅಷ್ಟಮಿ, ಚತುರ್ದಶಿಗಳಿಗೆ ಕೆಂಪು ಶಾಯಿಯ ಗುರುತು. ಅದರ ಮಗ್ಗುಲಲ್ಲಿಯೇ ಪೆನ್ಸಿಲಿನಿಂದ ಬರೆದ ಸಣ್ಣ ಅಂಕಿಗಳು: 71, 68, 74, 82, 70, 80, 84. ಅವು ಆ ಮನೆಯ ಗೃಹಿಣಿಯ ದೇಹದ ತೂಕ. ಇಂದು ಅವರಿಗೆ ಅರುವತ್ತೆರಡು ವರ್ಷ. ಮದುವೆಯಾಗಿ ಈ ಮನೆಯ ಹೊಸ್ತಿಲು ದಾಟಿದಾಗ ಅವರು ಇದ್ದದ್ದು 49 ಕಿಲೋ. ಅಲ್ಲಿಂದ ಇಲ್ಲಿಯವರೆಗಿನ ನಾಲ್ಕು ದಶಕಗಳು ಏರುವುದರಲ್ಲಿ, ಇಳಿಯುವುದರಲ್ಲಿ, ಮತ್ತೆ ಏರುವುದರಲ್ಲಿಯೇ ಸಂದಿವೆ.

ಮೊದಲ ವರ್ಷಗಳಲ್ಲಿ ತೂಕದ ಮಾತೇ ಇರಲಿಲ್ಲ. ಬಾವಿಯ ನೀರನ್ನು ಸೇದಬೇಕಿತ್ತು, ಒರಳಿನಲ್ಲಿ ಹಿಟ್ಟು ರುಬ್ಬಬೇಕಿತ್ತು, ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತರಬೇಕಿತ್ತು. ಪಂಪು ಬಂತು, ಮಿಕ್ಸರ್ ಬಂತು, ಬೆಟ್ಟಕ್ಕೂ ಮಗನ ಬೈಕು ಹೋಗತೊಡಗಿತು. ದೋಸೆಯೂ ಜೋನಿಬೆಲ್ಲವೂ ತುಪ್ಪವೂ ಮಾತ್ರ ಇದ್ದಲ್ಲಿಯೇ ಇದ್ದವು. ದುಡಿಮೆ ಅರ್ಧಕ್ಕಿಳಿಯಿತು, ಊಟ ಹಾಗೆಯೇ ಉಳಿಯಿತು. ಇದು ಒಂದು ಮನೆಯ ಕಥೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚು ತೂಕದವರು 2015–16ರಲ್ಲಿ ಶೇ 23ರ ಆಸುಪಾಸಿನಲ್ಲಿದ್ದರು. 2019–21ರ ವೇಳೆಗೆ ಅವರ ಪ್ರಮಾಣ ಶೇ 30ಕ್ಕೆ ಮುಟ್ಟಿತ್ತು.

ಆಕೆ ಮಾಡದ ಪ್ರಯತ್ನವಿಲ್ಲ. ಬೆಳಗಿನ ಬಿಸಿನೀರಿಗೆ ಜೇನು ಹಾಕಿ ಕುಡಿಯಿರೆಂದು ಯಾರೋ ಹೇಳಿದರು. ಜೇನು ಶ್ರಾವಕರಿಗೆ ವರ್ಜ್ಯವಾದ್ದರಿಂದ ಬರಿಯ ನಿಂಬೆರಸವೇ ಆಯಿತು. ಸಿರಿಧಾನ್ಯದ ಕಾಲ ಬಂದಾಗ ಅನ್ನ ಹೋಗಿ ನವಣೆ ಬಂತು. ಡಬ್ಬಿಯಲ್ಲಿ ಬರುವ ಪುಡಿಯೊಂದಕ್ಕೆ ಅಡಿಕೆ ಮಾರಿದ ಹಣ ಮೂರು ತಿಂಗಳು ಹೋಯಿತು. ಪ್ರತಿ ಸಲವೂ ಆರೇಳು ಕಿಲೋ ಇಳಿಯುತ್ತಿತ್ತು, ಪ್ರತಿ ಸಲವೂ ವರ್ಷ ತುಂಬುವುದರೊಳಗೆ ಇಳಿದದ್ದಕ್ಕಿಂತ ಹೆಚ್ಚು ಏರುತ್ತಿತ್ತು. ಕೊನೆಗೆ ಮೊಣಕಾಲು ನೋಯತೊಡಗಿತು, ಸಕ್ಕರೆ ಕಾಯಿಲೆಯ ಗುಳಿಗೆ ಆರಂಭವಾಯಿತು. ಆಗ ಆಕೆಗೆ ಹೊಳೆದದ್ದು ದಶಲಕ್ಷಣ ಪರ್ವ. ಪುಡಿಯಿಂದ ಆಗದ್ದು ವ್ರತದಿಂದ ಆಗಲಿ ಎಂದುಕೊಂಡರು.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ಆ ಹತ್ತು ದಿನಗಳಲ್ಲಿ ಐದು ಉಪವಾಸ, ಉಳಿದ ದಿನಗಳಲ್ಲಿ ಒಪ್ಪೊತ್ತು. ವೈದ್ಯರನ್ನು ಕೇಳಲಿಲ್ಲ. ತೂಕ 84ರಿಂದ 78ಕ್ಕೆ ಇಳಿಯಿತು. ಕ್ಷಮಾವಣಿಯ ದಿನ ಬಂದವರೆಲ್ಲ ಮೊದಲು ಕೇಳಿದ್ದು ಎಷ್ಟು ಕಿಲೋ ಇಳಿದಿರಿ ಎಂದು. ತಪಸ್ಸು ಮಾಡಿದವರನ್ನು ಹೀಗೆ ವಿಚಾರಿಸುವ ರೂಢಿ ಈಚೆಗೆ ಬಸದಿಗಳ ಅಂಗಳಕ್ಕೂ ಬಂದಿದೆ. ಅದು ಅಲ್ಲಿಗೆ ತಕ್ಕ ಪ್ರಶ್ನೆಯಲ್ಲ. ದೀಪಾವಳಿಯ ಹೊತ್ತಿಗೆ ತೂಕ 83 ಆಯಿತು, ಸಂಕ್ರಾಂತಿಗೆ 86. ಮುಂದಿನ ವರ್ಷ ಮತ್ತೆ ಅದೇ ಹಠ. ಮೂರನೆಯ ದಿನ ಮೊಮ್ಮಗನ ಕೈಗೆ ತೊಡದೇವು ಕೊಟ್ಟದ್ದಕ್ಕೆ ಸೊಸೆಯ ಮೇಲೆ ರೇಗಿದರು; ತನ್ನ ಕಣ್ಣೆದುರು ತಿನ್ನಿಸಿದಳೆಂಬುದು ಸಿಟ್ಟಿನ ಕಾರಣ. ಸೊಸೆ ಪಾತ್ರೆ ತೊಳೆಯುತ್ತ, ತಲೆ ಎತ್ತದೆ, “ಅತ್ತೇ, ಉಪವಾಸ ನಿಮ್ಮದು, ಅದರ ಸಿಟ್ಟು ಮಾತ್ರ ನಮ್ಮ ಪಾಲಿಗೆ ಬಂತಲ್ಲ” ಎಂದಳು.

ಆ ಮಾತು ಶಾಸ್ತ್ರದಿಂದ ಹೆಕ್ಕಿದಂತಿದೆ. ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟಾಗ ಮಾತ್ರ ಅದು ಉಪವಾಸ, ಉಳಿದದ್ದು ಬರಿಯ ಲಂಘನ ಎಂಬುದು ನಮ್ಮ ಹಿರಿಯರ ನಿರ್ಣಯ. ಕ್ರೋಧ, ಮಾನ, ಮಾಯೆ, ಲೋಭಗಳು ಕಷಾಯಗಳು. ನಾಲಗೆ ಕಣ್ಣು ಮೊದಲಾದವುಗಳ ಸೆಳೆತ ವಿಷಯ. ಇವೆರಡನ್ನೂ ಹಾಗೆಯೇ ಇಟ್ಟುಕೊಂಡು ಅನ್ನವನ್ನು ಮಾತ್ರ ಬಿಟ್ಟರೆ ಅದು ಆಯುರ್ವೇದದವರು ಹೇಳುವ ಲಂಘನ. ಲಂಘನ ತಪ್ಪಲ್ಲ, ಅಜೀರ್ಣವಾದವನಿಗೆ ಅದು ಮದ್ದು. ಆದರೆ ಅದಕ್ಕೆ ತಪಸ್ಸಿನ ಹೆಸರು ಸಲ್ಲದು. ಸಲ್ಲೇಖನದಂಥ ಪರಮ ವ್ರತದಲ್ಲಿಯೂ ಕಾಯ ಮತ್ತು ಕಷಾಯ ಎರಡನ್ನೂ ಕೃಶಗೊಳಿಸಬೇಕೆಂದು ವಿಧಿಯಿದೆ. ಕಾಯ ಒಂದೇ ತೆಳುವಾದರೆ ಸಾಲದು.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ವ್ರತಿಯಾದವನು ಮೂರು ಶಲ್ಯಗಳಿಂದ, ಅಂದರೆ ಒಳಗೆ ನೆಟ್ಟ ಮೂರು ಮುಳ್ಳುಗಳಿಂದ, ಮುಕ್ತನಾಗಿರಬೇಕೆಂದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥ ಸೂತ್ರ ತಿಳಿಸುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬವು ಆ ಮುಳ್ಳುಗಳು. ನಿದಾನವೆಂದರೆ ಇಲ್ಲಿ ಸಾವಕಾಶವಲ್ಲ. ಮಾಡಿದ ವ್ರತಕ್ಕೆ ಲೌಕಿಕ ಫಲವನ್ನು ಬಯಸುವುದು. ಸ್ವರ್ಗವನ್ನು, ಸಿರಿಯನ್ನು ಬಯಸಿ ಮಾಡಿದ ತಪಸ್ಸಿಗೆ ನಿದಾನದ ಮುಳ್ಳು ತಗಲುವುದಾದರೆ, ಆರು ಕಿಲೋ ಬಯಸಿ ಮಾಡಿದ ತಪಸ್ಸಿಗೂ ತಗಲುತ್ತದೆ. ತೂಕ ಮರಳಿ ಏರಿದಾಗ ಆ ಗೃಹಿಣಿಗೆ ಧರ್ಮವೇ ತನ್ನನ್ನು ಕೈಬಿಟ್ಟಿತೆಂದು ತೋರಿದ್ದು ಈ ಮುಳ್ಳಿನಿಂದ. ಧರ್ಮವು ಆ ವ್ಯಾಪಾರಕ್ಕೆ ಒಪ್ಪಿಯೇ ಇರಲಿಲ್ಲ.

ಹಸಿದ ದೇಹ ಸೇಡು ತೀರಿಸಿಕೊಳ್ಳುವ ಬಗೆಯನ್ನು ಲೋಕ ಕಂಡಿದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರ ಮೇಲೆ ಒಂದು ಪ್ರಯೋಗ ನಡೆಸಿದರು. ಅವರೆಲ್ಲರೂ ಆಯುಧ ಹಿಡಿಯುವುದು ತಮ್ಮ ಅಂತಃಸಾಕ್ಷಿಗೆ ಒಪ್ಪದೆಂದು ಸೈನ್ಯ ಸೇರಲು ನಿರಾಕರಿಸಿದವರು. ಯುದ್ಧದಿಂದ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕೆಂಬುದನ್ನು ತಿಳಿಯಲು ತಾವೇ ಹಸಿದರು. ಅಹಿಂಸೆಯನ್ನು ನಂಬುವವರು ನೆನೆಯಬೇಕಾದ ತರುಣರು. ಆರು ತಿಂಗಳು ಅರ್ಧ ಹೊಟ್ಟೆಯಲ್ಲಿದ್ದು ದೇಹತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಅನ್ನದ ಕನಸು ಕಂಡರು, ಅಡುಗೆ ಪುಸ್ತಕಗಳನ್ನು ಓದಿದರು, ಸಣ್ಣ ಮಾತಿಗೆ ಸಿಡುಕಿದರು. ನಿರ್ಬಂಧ ತೆಗೆದ ಮೇಲೆ ಎಷ್ಟು ಉಂಡರೂ ಹೊಟ್ಟೆ ತುಂಬಲಿಲ್ಲವೆಂದರು. ಅವರ ದೇಹದ ಕೊಬ್ಬು ಮೊದಲಿಗಿಂತ ಹೆಚ್ಚಾಯಿತು. ಇಚ್ಛಾಶಕ್ತಿಗೆ ಕೊರತೆಯಿಲ್ಲದ ಯುವಕರ ಪಾಡೇ ಹೀಗಾದರೆ, ಅರುವತ್ತರ ಗೃಹಿಣಿ ತನ್ನನ್ನು ತಾನು ಹಳಿದುಕೊಳ್ಳಬೇಕಿಲ್ಲ. ದೇಹದ ಕಟ್ಟನ್ನು ನಾಮಕರ್ಮಕ್ಕೆ ಸೇರಿಸಿ ಹೇಳುವ ಪರಂಪರೆಯಲ್ಲಿ ಹುಟ್ಟಿದವರು ಒಬ್ಬರ ಗಾತ್ರವನ್ನು ನೋಡಿ ಅವರ ಸಂಯಮವನ್ನು ಅಳೆಯುವಂತೆಯೂ ಇಲ್ಲ.

ಈ ಹಿನ್ನೆಲೆಯಲ್ಲಿ ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದರೆ ಒಂದು ಸಣ್ಣ ವಿಧಿ ಕಣ್ಣಿಗೆ ಬೀಳುತ್ತದೆ. ಗೃಹಸ್ಥನ ಪ್ರೋಷಧೋಪವಾಸ ಒಂದು ದಿನದ್ದಲ್ಲ. ಚತುರ್ದಶಿಯ ದಿನ ನಾಲ್ಕು ವಿಧದ ಆಹಾರಗಳ ತ್ಯಾಗ. ಅದರ ಹಿಂದಿನ ದಿನ ಧಾರಣೆ, ಮರುದಿನ ಪಾರಣೆ, ಆ ಎರಡೂ ದಿನ ಒಂದೇ ಹೊತ್ತಿನ ಊಟ. ತೋಟದ ಕಾಲುವೆಗೆ ಎರಡೂ ಬದಿಯಲ್ಲಿ ಏರಿ ಕಟ್ಟಿದ ಹಾಗೆ. ಉಪವಾಸದ ಹಿಂದಿನ ರಾತ್ರಿ ನಾಳೆಗೂ ಸೇರಿಸಿ ಉಣ್ಣುವವರು, ಮರುದಿನ ಬೆಳಿಗ್ಗೆ ಕಳೆದದ್ದನ್ನೆಲ್ಲ ವಸೂಲು ಮಾಡುವವರು ಎಲ್ಲ ಊರುಗಳಲ್ಲಿ ಉಂಟು. ಅವರಿಗಾಗಿಯೇ ಆಚಾರ್ಯರು ಈ ಏರಿಯನ್ನು ಕಟ್ಟಿದಂತಿದೆ. ಅದನ್ನು ಒಡೆದು ಉಪವಾಸವನ್ನು ಮಾತ್ರ ಉಳಿಸಿಕೊಂಡಲ್ಲಿ ನೀರು ನುಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಊನೋದರ. ಬಾಹ್ಯ ತಪಸ್ಸುಗಳು ಆರು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಎರಡನೆಯದಾದ ಅವಮೌದರ್ಯವೇ ಊನೋದರ, ಹೊಟ್ಟೆಯನ್ನು ಸ್ವಲ್ಪ ಕೊರೆಯಾಗಿ ಬಿಡುವುದು. ಅನಶನ ಎಂಬ ಪೂರ್ಣ ಉಪವಾಸ ಇರುವಾಗ ಕಡಿಮೆ ಉಣ್ಣುವುದಕ್ಕೆ ಬೇರೆ ತಪಸ್ಸು ಏತಕ್ಕೆಂದು ಕೇಳಬಹುದು. ತುತ್ತನ್ನೇ ಮುಟ್ಟದಿರುವುದು ಒಂದು ಕಷ್ಟ, ಬಾಯಿಗೆ ರುಚಿ ಹತ್ತಿದ ಮೇಲೆ ಎಲೆಯಿಂದ ಏಳುವುದು ಬೇರೆಯೇ ಕಷ್ಟ. ಉಪವಾಸವನ್ನು ನಾಲ್ಕು ಜನ ಕಾಣುತ್ತಾರೆ, ಕೊಂಡಾಡುತ್ತಾರೆ. ಎರಡು ತುತ್ತು ಉಳಿಸಿ ಎದ್ದದ್ದನ್ನು ಪಕ್ಕದಲ್ಲಿ ಕುಳಿತವರೂ ಅರಿಯರು. ಮಾನಕಷಾಯಕ್ಕೆ ಅಲ್ಲಿ ಮೇವಿಲ್ಲ.

ವಟ್ಟಕೇರ ಆಚಾರ್ಯರ ಮೂಲಾಚಾರವು ಮುನಿಗಳಿಗೆ ಬರೆದದ್ದಾದರೂ ಅದರ ಲೆಕ್ಕ ಗೃಹಸ್ಥರಿಗೂ ಉಪಯುಕ್ತ. ಪುರುಷನ ಪೂರ್ಣ ಆಹಾರ 32 ಕವಳವೆಂದೂ ಸ್ತ್ರೀಯದು 28 ಎಂದೂ ಪರಂಪರೆಯ ಎಣಿಕೆ. ಅದರಲ್ಲಿ ಒಂದು ಕವಳ ಕಡಿಮೆಯಾದರೂ ಅವಮೌದರ್ಯವೇ. ಒಂದೇ ಒಂದು! ಹಠಯೋಗಿಗೆ ಇದು ನಗೆ ತರಿಸಬಹುದು, ಬಾಳಿನುದ್ದಕ್ಕೂ ನಡೆಯಬೇಕಾದವನಿಗೆ ಇದೇ ಆಸರೆ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ನಾಲ್ಕನೆಯದು ಗಾಳಿಯಾಡಲು ಖಾಲಿಯಿರಲಿ ಎಂಬುದೂ ಆ ಗ್ರಂಥದ್ದೇ ಮಾತು. ಮುನಿಯ ಆಹಾರಕ್ಕೆ ಪರಂಪರೆ ಕೊಡುವ ಹೋಲಿಕೆಗಳಲ್ಲೊಂದು ಅಕ್ಷಮ್ರಕ್ಷಣ, ಅಂದರೆ ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದು. ಅಡಿಕೆ ಮೂಟೆ ಹೇರಿಕೊಂಡು ಸಿರ್ಸಿಯ ಪೇಟೆಗೆ ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಅದನ್ನು ವಿವರಿಸಬೇಕಿಲ್ಲ. ಎಣ್ಣೆಯಿಲ್ಲದಿದ್ದರೆ ಅಚ್ಚು ಸವೆಯುತ್ತದೆ, ಸುರಿದರೆ ದಾರಿಗೆ ಸೋರುತ್ತದೆ. ಎಣ್ಣೆ ಹಾಕುವುದು ಗಾಡಿ ಊರು ಮುಟ್ಟಲೆಂದು.

ಮತ್ತೆ ಸಮಂತಭದ್ರರು. ಭೋಗೋಪಭೋಗ ಪರಿಮಾಣವ್ರತವನ್ನು ಹೇಳುವಾಗ ಅವರು ತ್ಯಾಗವನ್ನು ಎರಡಾಗಿ ವಿಂಗಡಿಸುತ್ತಾರೆ: ಜೀವನಪರ್ಯಂತ ಬಿಡುವುದು ಯಮ, ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ತಿಂಗಳಿಗೆ, ಒಂದು ಋತುವಿಗೆ ಎಂದು ಬಿಡಬಹುದು. ಮಿತಿಗೊಳಿಸಬೇಕಾದ ವಸ್ತುಗಳಲ್ಲಿ ಭೋಜನವೂ ಉಂಟು, ವಾಹನವೂ ಉಂಟು, ತಾಂಬೂಲವೂ ಉಂಟು. ನಾಳೆಯಿಂದ ಸಿಹಿಯನ್ನು ಎಂದೆಂದಿಗೂ ಮುಟ್ಟೆನೆಂದು ಪ್ರತಿಜ್ಞೆ ಮಾಡಿ ಎಂಟನೆಯ ದಿನ ಮುರಿದವನಿಗೆ ಉಳಿಯುವುದು ನಾಚಿಕೆ. ಈ ಪಕ್ಷಕ್ಕೆ ಮಾತ್ರ ಎಂದವನು ಪಕ್ಷ ಮುಗಿಸಿ, ಬೇಕಾದರೆ ಮತ್ತೊಂದು ಪಕ್ಷವನ್ನು ಹಿಡಿಯುತ್ತಾನೆ. ಮುರಿದರೂ ಪ್ರತಿಕ್ರಮಣವಿದೆ; ತಪ್ಪನ್ನು ಒಪ್ಪಿ ಹಿಂದಿರುಗುವ ದಾರಿ ದಿನವೂ ತೆರೆದಿದೆ.

ಹೆಗಡೆಕಟ್ಟಾದ ಆ ಗೃಹಿಣಿ ಸೊಸೆಯ ಮಾತಿಗೆ ಅಂದು ಉತ್ತರ ಕೊಡಲಿಲ್ಲ. ಸಂಜೆ ಸಾಮಾಯಿಕಕ್ಕೆ ಕುಳಿತವರು ಬಹಳ ಹೊತ್ತು ಏಳಲಿಲ್ಲವಂತೆ. ಮರುದಿನ ಸಿರ್ಸಿಗೆ ಹೋಗಿ ವೈದ್ಯರನ್ನು ಕಂಡರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತ ಹೇಳದೆ ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾದೀತೆಂದು ಅವರು ಎಚ್ಚರಿಸಿದರು. ಇದನ್ನು ಓದುವ, ಅಂಥ ಔಷಧ ತೆಗೆದುಕೊಳ್ಳುವ ಎಲ್ಲರಿಗೂ ಆ ಎಚ್ಚರಿಕೆ ಸಲ್ಲುತ್ತದೆ. ಅಸ್ವಸ್ಥರಾದವರು ಶಕ್ತಿಯರಿತು ತಪಸ್ಸು ಮಾಡಬೇಕೆಂಬುದು ನಮ್ಮಲ್ಲಿ ಹೊಸ ಮಾತಲ್ಲ.

ಈಚಿನ ದಶಲಕ್ಷಣದಲ್ಲಿ ಅವರು ವೈದ್ಯರ ಒಪ್ಪಿಗೆ ಪಡೆದು ಕೊನೆಯ ಚತುರ್ದಶಿಗೆ ಒಂದೇ ಉಪವಾಸ ಮಾಡಿದರು, ಹಿಂದೆ ಮುಂದೆ ಧಾರಣೆ ಪಾರಣೆಗಳ ಒಪ್ಪೊತ್ತಿನೊಡನೆ. ಉಳಿದ ದಿನಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಎಲೆಯಲ್ಲಿ ಒಂದು ತುತ್ತು ಕಡಿಮೆ. ಸೊಪ್ಪಿನ ಬೆಟ್ಟಕ್ಕೆ ಈಗ ನಡೆದೇ ಹೋಗುತ್ತಾರೆ, ಮೊಣಕಾಲು ಬಿಟ್ಟಷ್ಟು ದೂರ. ಪಾರಣೆಯ ದಿನ ಸೊಸೆ ಎಲೆಯ ತುದಿಗೆ ತೊಡದೇವು ಬಡಿಸಿದಳು. ಒಂದನ್ನು ತಿಂದರು, ಇನ್ನೊಂದನ್ನು ಮೊಮ್ಮಗನಿಗೆ ತಾವೇ ಕೊಟ್ಟರು. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಆ ತಿಂಗಳ ಅಂಕಿ 83. ದೀಪಾವಳಿಯ ತಿಂಗಳಲ್ಲಿ ನಿರ್ವಾಣ ಲಾಡುವಿನ ನಂತರ ಬರೆದದ್ದೂ 83. ಅದರ ಮುಂದಿನ ತಿಂಗಳ ಪುಟದಲ್ಲಿ ಕೆಂಪು ಗುರುತುಗಳಷ್ಟೇ ಇವೆ, ಪೆನ್ಸಿಲಿನ ಬರಹ ಕಾಣುವುದಿಲ್ಲ.